ಶೇಕಡಾ ಲೆಕ್ಕ: ಬಿಡಿಸುವ ಮೊದಲು ‘ಯಾವುದರ ಮೇಲೆ?’ ಎಂದು ಕೇಳಿ

ಆರರಿಂದ ಎಂಟನೇ ತರಗತಿಯ ಮಕ್ಕಳು, ಅವರ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಗುಣಾಕಾರ ಬರುತ್ತದೆ, ಭಾಗಾಕಾರ ಬರುತ್ತದೆ, ಆದರೂ ಶೇಕಡಾ ಲೆಕ್ಕದ ಉತ್ತರ ಯಾಕೆ ತಪ್ಪುತ್ತದೆ? ಉತ್ತರ ಪತ್ರಿಕೆ ತೆಗೆದು ನೋಡಿದರೆ ಕಾರಣ ಗೊತ್ತಾಗುತ್ತದೆ. ಕೂಡಿ ಕಳೆಯುವುದರಲ್ಲಿ ತಪ್ಪಿರುವುದಿಲ್ಲ, ಯಾವ ಸಂಖ್ಯೆಯನ್ನು 100 ಎಂದು ಹಿಡಿಯಬೇಕೋ ಅದನ್ನು ಬಿಟ್ಟು ಬೇರೆಯದನ್ನು ಹಿಡಿದಿರುತ್ತಾರೆ. ಈ ಲೇಖನ ಪೂರ್ತಿ ಆ ಒಂದು ತಪ್ಪನ್ನು ತಪ್ಪಿಸುವುದಕ್ಕಾಗಿ. ಪೆನ್ಸಿಲ್, ಹಾಳೆ ಹಿಡಿದು ಕುಳಿತೇ ಓದಿ. ಸುಮ್ಮನೆ ಕಣ್ಣಾಡಿಸಿದರೆ ಪ್ರಯೋಜನವಿಲ್ಲ.

ಮೊದಲು ಬೇಕಾದದ್ದು

ಮೂರು ಪದಗಳು ತಿಳಿದಿರಲಿ. ಯಾವುದನ್ನು 100 ಎಂದು ಎಣಿಸುತ್ತೇವೋ ಅದು ಮೂಲ. ಅದರಲ್ಲಿ ನಾವು ನೋಡುತ್ತಿರುವ ಪಾಲು ಭಾಗ. ಮೂಲ 100 ಆಗಿದ್ದರೆ ಭಾಗ ಎಷ್ಟಾಗುತ್ತಿತ್ತು ಎಂದು ಹೇಳುವ ಸಂಖ್ಯೆ ಶೇಕಡಾ. 40 ಮಕ್ಕಳ ತರಗತಿಯಲ್ಲಿ 12 ಜನ ಬಸ್ಸಿನಲ್ಲಿ ಬರುತ್ತಾರೆ ಎಂದರೆ ಮೂಲ 40, ಭಾಗ 12, ಶೇಕಡಾ 30.

ಭಿನ್ನರಾಶಿಯನ್ನು ಸಂಕ್ಷೇಪಿಸುವುದು, ಅಂದರೆ ಅಂಶ (ಮೇಲಿನ ಸಂಖ್ಯೆ) ಮತ್ತು ಛೇದ (ಕೆಳಗಿನ ಸಂಖ್ಯೆ) ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಚಿಕ್ಕದು ಮಾಡುವುದು, ಸರಾಗವಾಗಿ ಬರಬೇಕು. ಬರದಿದ್ದರೆ ಮೊದಲು ಅದನ್ನು ಎರಡು ದಿನ ಅಭ್ಯಾಸ ಮಾಡಿಸಿ. ಆಮೇಲೆ ಈ ಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ:

1/2 = 50%
1/3 = 33⅓%, 2/3 = 66⅔%
1/4 = 25%, 3/4 = 75%
1/5 = 20%
1/6 = 16⅔%
1/8 = 12½%, 3/8 = 37½%, 5/8 = 62½%
1/10 = 10%, 1/20 = 5%, 1/25 = 4%

ಲೆಕ್ಕದಲ್ಲಿ 33⅓% ಕಂಡರೆ 33 ಎಂದು ಬರೆದು ಗುಣಿಸಬೇಡಿ. 600ರ 33⅓% ಎಂದರೆ 600ರ ಮೂರನೇ ಒಂದು, ಅಂದರೆ 200. 33ರಿಂದ ಗುಣಿಸಿದರೆ 198 ಬರುತ್ತದೆ. ಇಂಥ ಸಂಖ್ಯೆ ಕೊಟ್ಟಿದ್ದಾರೆ ಎಂದರೆ ಭಿನ್ನರಾಶಿ ಬಳಸಲಿ ಎಂದೇ ಕೊಟ್ಟಿದ್ದಾರೆ.

ಹಂತ 1: ಮೂಲ ಯಾವುದು ಎಂದು ಗುರುತಿಸಿ

ಪ್ರಶ್ನೆಯನ್ನು ಎರಡು ಸಲ ಓದಿ. ಎರಡನೇ ಸಲ ಓದುವಾಗ ‘ಶೇಕಡಾ’ ಎಂಬ ಪದ ಬಂದ ಕಡೆ ನಿಂತು, ‘ಯಾವುದರ ಮೇಲೆ?’ ಎಂದು ಕೇಳಿಕೊಳ್ಳಿ. ಸಿಕ್ಕ ಉತ್ತರದ ಕೆಳಗೆ ಗೆರೆ ಎಳೆಯಿರಿ. ಬೇರೆ ಏನನ್ನೂ ಇನ್ನೂ ಬರೆಯಬೇಡಿ.

ಕನ್ನಡದಲ್ಲಿ ಬರೆದ ಪ್ರಶ್ನೆಗಳಲ್ಲಿ ವಿಭಕ್ತಿ ಪ್ರತ್ಯಯವೇ ಬಹಳಷ್ಟು ಸಲ ದಾರಿ ತೋರಿಸುತ್ತದೆ. ‘480ರ ಶೇ 15’ ಎಂದರೆ 480 ಮೂಲ. ‘625ರಲ್ಲಿ 530 ಅಂಕ’ ಎಂದರೆ 625 ಮೂಲ. ‘ಸುಮಾಳ ಹಣ ರವಿಯ ಹಣಕ್ಕಿಂತ ಶೇ 25 ಹೆಚ್ಚು’ ಎಂದರೆ ‘ಕ್ಕಿಂತ’ ಯಾವುದಕ್ಕೆ ಅಂಟಿದೆಯೋ ಅದು, ಅಂದರೆ ರವಿಯ ಹಣ ಮೂಲ. ವಾಕ್ಯದಲ್ಲಿ ಮೊದಲು ಬಂದ ಹೆಸರನ್ನೇ ಮೂಲ ಎಂದು ಹಿಡಿಯುವ ಅಭ್ಯಾಸ ಮಕ್ಕಳಲ್ಲಿ ತುಂಬಾ ಇದೆ. ಇಲ್ಲಿ ಮೊದಲು ಬಂದದ್ದು ಸುಮಾ, ಆದರೆ ಮೂಲ ರವಿಯದು. ರವಿಯ ಬಳಿ 400 ರೂಪಾಯಿ ಇದ್ದರೆ ಸುಮಾಳ ಬಳಿ 500.

ಈಗ ಇದೇ ಪ್ರಶ್ನೆಯನ್ನು ತಿರುಗಿಸಿ: ರವಿಯ ಹಣ ಸುಮಾಳ ಹಣಕ್ಕಿಂತ ಶೇಕಡಾ ಎಷ್ಟು ಕಡಿಮೆ? ವ್ಯತ್ಯಾಸ ಅದೇ 100 ರೂಪಾಯಿ. ಆದರೆ ಈ ಸಲ ‘ಕ್ಕಿಂತ’ ಸುಮಾಳ ಹಣಕ್ಕೆ ಅಂಟಿದೆ, ಮೂಲ 500. ಉತ್ತರ ಶೇ 20. ಶೇ 25 ಎಂದು ಬರೆದರೆ ಅಂಕ ಸಿಗುವುದಿಲ್ಲ.

ಮೂಲ ಯಾವುದೆಂದು ಬಾಯಿಬಿಟ್ಟು ಹೇಳದ ಪ್ರಶ್ನೆಗಳೂ ಇರುತ್ತವೆ. ಅವುಗಳಿಗೆ ಒಪ್ಪಿಕೊಂಡು ಬಂದ ನಿಯಮಗಳಿವೆ, ಇವನ್ನು ನೆನಪಿಡಲೇಬೇಕು:

ಲಾಭ ಅಥವಾ ನಷ್ಟ ಎಂದರೆ ಕೊಂಡ ಬೆಲೆಯ ಮೇಲೆ.
ರಿಯಾಯಿತಿ ಎಂದರೆ ನಮೂದಿಸಿದ ಬೆಲೆಯ, ಅಂದರೆ ವಸ್ತುವಿನ ಮೇಲೆ ಬರೆದಿರುವ ಬೆಲೆಯ ಮೇಲೆ.
ಜಿಎಸ್‌ಟಿ ಎಂದರೆ ತೆರಿಗೆ ಸೇರಿಸುವ ಮುಂಚಿನ ಬೆಲೆಯ ಮೇಲೆ.
ಬಡ್ಡಿ ಎಂದರೆ ಅಸಲಿನ ಮೇಲೆ.
ಏರಿಕೆ ಅಥವಾ ಇಳಿಕೆ ಎಂದರೆ ಬದಲಾವಣೆಗೆ ಮೊದಲಿದ್ದ ಸಂಖ್ಯೆಯ ಮೇಲೆ.

ಹಂತ 2: ಎರಡು ಕಾಲಮ್ ಎಳೆಯಿರಿ

ಸೂತ್ರಗಳನ್ನು ಒಂದೊಂದಾಗಿ ಉರು ಹೊಡೆಸುವುದಕ್ಕಿಂತ ಇದು ಎಷ್ಟೋ ಮೇಲು. ಎಡಕ್ಕೆ ನಿಜವಾದ ಸಂಖ್ಯೆ (ರೂಪಾಯಿ, ಅಂಕ, ಕೆ.ಜಿ.), ಬಲಕ್ಕೆ ಶೇಕಡಾ. ಮೊದಲ ಸಾಲಿನಲ್ಲಿ ಯಾವಾಗಲೂ ಮೂಲ, ಅದರ ಎದುರಿಗೆ ಯಾವಾಗಲೂ 100. ಗೊತ್ತಿಲ್ಲದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ತ್ರೈರಾಶಿ, ಅಂದರೆ ಮೂರು ಸಂಖ್ಯೆ ಗೊತ್ತಿದ್ದಾಗ ನಾಲ್ಕನೆಯದನ್ನು ಕಂಡುಹಿಡಿಯುವ ವಿಧಾನ.

ಪ್ರಶ್ನಾರ್ಥಕ ಚಿಹ್ನೆ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಲೆಕ್ಕಗಳು ಮೂರೇ ಬಗೆ.

ಭಾಗ ಗೊತ್ತಿಲ್ಲದಿದ್ದಾಗ: 480ರ ಶೇ 15 ಎಷ್ಟು?
480 — 100
? — 15
480 × 15 ÷ 100 = 72.

ಶೇಕಡಾ ಗೊತ್ತಿಲ್ಲದಿದ್ದಾಗ: 625ಕ್ಕೆ 530 ಅಂಕ ಬಂದರೆ ಶೇಕಡಾ ಎಷ್ಟು?
625 — 100
530 — ?
530 × 100 ÷ 625 = 84.8.

ಮೂಲ ಗೊತ್ತಿಲ್ಲದಿದ್ದಾಗ: ಒಂದು ಸಂಖ್ಯೆಯ ಶೇ 35 ಎಂದರೆ 84. ಆ ಸಂಖ್ಯೆ ಯಾವುದು?
? — 100
84 — 35
84 × 100 ÷ 35 = 240.

ಗುಣಾಕಾರ ಎಲ್ಲಿ ಮಾಡಬೇಕು ಎಂಬ ಗೊಂದಲ ಬಂದರೆ, ಪ್ರಶ್ನಾರ್ಥಕ ಚಿಹ್ನೆಯ ಪಕ್ಕದಲ್ಲಿ (ಅದೇ ಸಾಲಿನಲ್ಲಿ) ಇರುವ ಸಂಖ್ಯೆಯನ್ನೂ ಅದೇ ಕಾಲಮ್‌ನಲ್ಲಿ ಇರುವ ಸಂಖ್ಯೆಯನ್ನೂ ಗುಣಿಸಿ, ಮೂಲೆಯಿಂದ ಮೂಲೆಗೆ ಎದುರಿರುವ ಸಂಖ್ಯೆಯಿಂದ ಭಾಗಿಸಿ. ಮೂರು ಬಗೆಗೂ ಇದೇ ಸಾಕು.

ಎಚ್ಚರಿಕೆ: ಎಡಗಡೆಯ ಕಾಲಮ್‌ನಲ್ಲಿ ಮಾನಗಳು ಒಂದೇ ಇರಬೇಕು. ‘3 ಕೆ.ಜಿ.ಯಲ್ಲಿ 750 ಗ್ರಾಂ ಶೇಕಡಾ ಎಷ್ಟು?’ ಎಂದಾಗ 3ರ ಕೆಳಗೆ 750 ಬರೆದರೆ ಉತ್ತರ 25,000 ಬರುತ್ತದೆ. 3,000 ಗ್ರಾಂ ಎಂದು ಬರೆದ ಮೇಲೆ ನೋಡಿ: ಕಾಲು ಭಾಗ, ಶೇ 25.

ಹಂತ 3: ಗುಣಿಸುವ ಮೊದಲು ಹೊಡೆದು ಹಾಕಿ

530 × 100 ಮಾಡಿ 53,000ವನ್ನು 625ರಿಂದ ಭಾಗಿಸಲು ಹೋಗಬೇಡಿ. 100 ಮತ್ತು 625 ಎರಡನ್ನೂ 25ರಿಂದ ಹೊಡೆದರೆ 4/25. ಮೇಲೆ ಕೆಳಗೆ ಮತ್ತೆ 4ರಿಂದ ಗುಣಿಸಿದರೆ 16/100. ಹಾಗಾಗಿ 625ಕ್ಕೆ ಬಂದ ಅಂಕವನ್ನು 16ರಿಂದ ಗುಣಿಸಿ ಎರಡು ಸ್ಥಾನ ಬಿಟ್ಟು ಬಿಂದು ಇಟ್ಟರೆ ಶೇಕಡಾ ಸಿಕ್ಕಿತು: 530 × 16 = 8,480, ಅಂದರೆ 84.80. ಎಸ್ಸೆಸ್ಸೆಲ್ಸಿ ಒಟ್ಟು ಅಂಕ 625 ಇರುವುದರಿಂದ ಈ ಉಪಾಯ ನಮ್ಮ ಮಕ್ಕಳಿಗೆ ಬಹುಕಾಲ ಉಪಯೋಗಕ್ಕೆ ಬರುತ್ತದೆ.

ಅಂಕದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ವಿಷಯವಾರು ಶೇಕಡಾಗಳನ್ನು ಕೂಡಿ ಸರಾಸರಿ ತೆಗೆದರೆ ಒಟ್ಟು ಶೇಕಡಾ ಬರುವುದಿಲ್ಲ. ಪ್ರಥಮ ಭಾಷೆ 125ಕ್ಕೆ, ಉಳಿದ ಐದು ವಿಷಯ ತಲಾ 100ಕ್ಕೆ. ಪ್ರಥಮ ಭಾಷೆಯಲ್ಲಿ 120, ಉಳಿದವುಗಳಲ್ಲಿ ತಲಾ 70 ಬಂದಿದೆ ಎನ್ನಿ. ಶೇಕಡಾಗಳು 96, 70, 70, 70, 70, 70, ಸರಾಸರಿ 74.33. ಆದರೆ ಒಟ್ಟು ಅಂಕ 470, ನಿಜವಾದ ಶೇಕಡಾ 75.2. ಮೂಲಗಳು ಬೇರೆ ಬೇರೆ ಇದ್ದಾಗ ಶೇಕಡಾಗಳನ್ನು ಕೂಡಬಾರದು. ಮೊದಲು ಅಂಕ ಕೂಡಿ, ಆಮೇಲೆ ಶೇಕಡಾ ತೆಗೆಯಿರಿ.

ಮನಸ್ಸಿನಲ್ಲೇ ಮಾಡುವುದಕ್ಕೆ ಎರಡು ದಾರಿ ಸಾಕು. ಒಂದು, ಶೇ 10 ತೆಗೆದು ಅಲ್ಲಿಂದ ಕಟ್ಟುವುದು: 480ರ ಶೇ 10 ಎಂದರೆ 48, ಶೇ 5 ಎಂದರೆ 24, ಎರಡೂ ಸೇರಿ ಶೇ 15 ಎಂದರೆ 72. ಇನ್ನೊಂದು, ಅದಲುಬದಲು ಮಾಡುವುದು: 25ರ ಶೇ 16 ಕಷ್ಟ ಎನಿಸಿದರೆ 16ರ ಶೇ 25 ತೆಗೆಯಿರಿ. ಎರಡಕ್ಕೂ ಉತ್ತರ 4.

ಹಂತ 4: ಏರಿಕೆ, ಇಳಿಕೆ

ನಮ್ಮ ಮೆಟ್ರೊ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60 ರೂಪಾಯಿಯಿಂದ 90ಕ್ಕೆ ಏರಿತು. ಏರಿಕೆ 30 ರೂಪಾಯಿ, ಮೊದಲಿದ್ದದ್ದು 60, ಆದ್ದರಿಂದ ಶೇ 50 ಏರಿಕೆ. ನಾಳೆ ಆ 90ನ್ನು ಮತ್ತೆ 60ಕ್ಕೆ ಇಳಿಸಿದರೆ ಅದು ಶೇ 50 ಇಳಿಕೆಯಲ್ಲ. ಮೊದಲಿದ್ದದ್ದು ಈಗ 90, ಹಾಗಾಗಿ 33⅓%. ಶೇ 50 ಇಳಿಸಿದರೆ ದರ 45 ರೂಪಾಯಿಗೆ ಬರುತ್ತದೆ. ‘ಎಷ್ಟು ಶೇಕಡಾ ಏರಿತೋ ಅಷ್ಟೇ ಶೇಕಡಾ ಇಳಿಸಿದರೆ ಮೊದಲಿನ ಬೆಲೆ’ ಎಂಬ ನಂಬಿಕೆ ದೊಡ್ಡವರಲ್ಲೂ ಇದೆ. ಮಕ್ಕಳಿಗೆ ಈ ಒಂದು ಉದಾಹರಣೆಯನ್ನು ಕಾಗದದ ಮೇಲೆ ಮಾಡಿಸಿ ತೋರಿಸಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಶೇಕಡಾವೇ ಏರಿದಾಗ ಏನು ಹೇಳಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಬಡ್ಡಿ ದರ ಶೇ 8ರಿಂದ ಶೇ 10 ಆಯಿತು ಎಂದರೆ ಏರಿದ್ದು 2 ಶೇಕಡಾ ಅಂಶ (ಎರಡು ಶೇಕಡಾಗಳ ನೇರ ವ್ಯತ್ಯಾಸ), ಆದರೆ ಹಿಂದಿನ ದರಕ್ಕೆ ಹೋಲಿಸಿದರೆ ಏರಿಕೆ ಶೇ 25. ಎರಡೂ ಸರಿ, ಪ್ರಶ್ನೆ ಯಾವುದನ್ನು ಕೇಳಿದೆ ಎಂದು ನೋಡಿಕೊಳ್ಳಿ.

ಹಂತ 5: ಹಿಂದಕ್ಕೆ ಹೋಗುವ ಲೆಕ್ಕ

ಅತಿ ಹೆಚ್ಚು ಅಂಕ ಕಳೆಯುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ನೋಡೋಣ.

ದರ್ಶಿನಿಯ ಒಂದು ಬಿಲ್ ಕೈಗೆ ತೆಗೆದುಕೊಳ್ಳಿ. ತಿಂಡಿ, ಕಾಫಿ ಎಲ್ಲ ಸೇರಿ 240.00. ಅದರ ಕೆಳಗೆ ಸಿಜಿಎಸ್‌ಟಿ 2.5% 6.00, ಇನ್ನೊಂದು ಸಾಲಿನಲ್ಲಿ ಎಸ್‌ಜಿಎಸ್‌ಟಿ 2.5% 6.00. ಒಟ್ಟು 252.00. ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ಎರಡು ಸಾಲು ಬಂದರೂ ಎರಡಕ್ಕೂ ಮೂಲ 240 ಆದ್ದರಿಂದ ಒಟ್ಟಿಗೆ ಶೇ 5 ಎಂದು ಕೂಡಬಹುದು.

ಈಗ ಮೇಲಿನ ಸಾಲುಗಳನ್ನು ಕೈಯಿಂದ ಮುಚ್ಚಿ, 252 ಒಂದನ್ನೇ ತೋರಿಸಿ ಕೇಳಿ: ಶೇ 5 ಜಿಎಸ್‌ಟಿ ಸೇರಿ 252 ಆಗಿದೆ, ತೆರಿಗೆಗೆ ಮುಂಚಿನ ಬೆಲೆ ಎಷ್ಟು? ಬಹುಪಾಲು ಮಕ್ಕಳು 252ರ ಶೇ 5 ತೆಗೆದು, 12.60 ಕಳೆದು, 239.40 ಎಂದು ಬರೆಯುತ್ತಾರೆ. 60 ಪೈಸೆ ವ್ಯತ್ಯಾಸ, ಆದ್ದರಿಂದ ‘ಹತ್ತಿರ ಬಂದಿದೆ’ ಎನಿಸಿ ತಪ್ಪು ಗೊತ್ತೇ ಆಗುವುದಿಲ್ಲ. ತೆರಿಗೆ ಹಾಕಿದ್ದು 252ರ ಮೇಲಲ್ಲ. ಕಾಲಮ್ ಎಳೆದರೆ:

ತೆರಿಗೆಗೆ ಮುಂಚೆ: ? — 100
ತೆರಿಗೆ ಸೇರಿ: 252 — 105

252 × 100 ÷ 105 = 240. ಇಲ್ಲಿ 105 ಎಂದು ಬರೆಯುವುದೇ ಮುಖ್ಯ ಕೆಲಸ. ಅದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ರಿಯಾಯಿತಿಯಲ್ಲೂ ಹೀಗೆಯೇ. ಚಿಕ್ಕಪೇಟೆಯ ಅಂಗಡಿಯಲ್ಲಿ ಶೇ 20 ರಿಯಾಯಿತಿ ಕಳೆದು ಸೀರೆಗೆ 1,800 ರೂಪಾಯಿ ಕೊಟ್ಟಿರಿ. ನಮೂದಿಸಿದ ಬೆಲೆ ಎಷ್ಟು? 1,800ರ ಶೇ 20 ಎಂದರೆ 360, ಕೂಡಿದರೆ 2,160 ಎನ್ನುವುದು ತಪ್ಪು ಉತ್ತರ. 2,160ಕ್ಕೆ ಶೇ 20 ಕಳೆದು ನೋಡಿ, 1,728 ಬರುತ್ತದೆ, 1,800 ಅಲ್ಲ. ಸರಿಯಾದ ದಾರಿ: 1,800 ಎದುರಿಗೆ 80, ಮೂಲದ ಎದುರಿಗೆ 100. ಆಗ 1,800 × 100 ÷ 80 = 2,250.

ತಂದೆ ತಾಯಂದಿರಿಗೆ ಒಂದು ಸೂಚನೆ: ಮನೆಯಲ್ಲಿ ಲೆಕ್ಕ ಕಟ್ಟಿ ಕೊಡುವಾಗ ಬಿಸ್ಕತ್ ಪೊಟ್ಟಣದ ಎಂಆರ್‌ಪಿ ಮೇಲೆ ಜಿಎಸ್‌ಟಿ ಸೇರಿಸಿ ಎಂದು ಹೇಳಬೇಡಿ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರಿಂದ ಹಿಂದಕ್ಕೆ ಹೋಗುವ ಲೆಕ್ಕ ಕೊಡಿ, ಇನ್ನೂ ಒಳ್ಳೆಯ ಅಭ್ಯಾಸ.

ಹಂತ 6: ಒಂದರ ಮೇಲೊಂದು ಶೇಕಡಾ

‘ಶೇ 20 ರಿಯಾಯಿತಿ, ಅದರ ಮೇಲೆ ಇನ್ನೂ ಶೇ 10’ ಎಂಬ ಫಲಕ ನೋಡಿ ಶೇ 30 ಎಂದುಕೊಳ್ಳಬೇಡಿ. ಎರಡನೇ ರಿಯಾಯಿತಿಯ ಮೂಲ ಬೇರೆ. ಅದೇ 2,250ರ ಸೀರೆ ಮೊದಲು 1,800 ಆಗುತ್ತದೆ, ಆಮೇಲೆ 1,800ರ ಶೇ 10, ಅಂದರೆ 180 ಕಳೆದು 1,620. ಒಟ್ಟು ಇಳಿದದ್ದು 630, ಅದು 2,250ರ ಶೇ 28. ಚಿಕ್ಕದಾಗಿ ಮಾಡಬೇಕೆಂದರೆ ಉಳಿಯುವ ಪಾಲುಗಳನ್ನು ಗುಣಿಸಿ: 0.80 × 0.90 = 0.72. ಉಳಿದದ್ದು ಶೇ 72, ಹೋದದ್ದು ಶೇ 28. ಮೊದಲು ಶೇ 10 ಕಳೆದು ಆಮೇಲೆ ಶೇ 20 ಕಳೆದರೂ ಉತ್ತರ ಬದಲಾಗದು, ಗುಣಾಕಾರದಲ್ಲಿ ಹಿಂದು ಮುಂದು ಇಲ್ಲವಲ್ಲ.

ಲಾಭ ನಷ್ಟದ ಕಠಿಣ ಲೆಕ್ಕಗಳೂ ಇದೇ ಉಪಾಯಕ್ಕೆ ಬಗ್ಗುತ್ತವೆ. ಕೆ.ಆರ್. ಮಾರುಕಟ್ಟೆಯಲ್ಲಿ ವ್ಯಾಪಾರಿಯೊಬ್ಬರು 15 ಕೆ.ಜಿ.ಯ ಟೊಮೆಟೊ ಬಾಕ್ಸನ್ನು 300 ರೂಪಾಯಿಗೆ ಕೊಂಡರು. ಶೇ 10ರಷ್ಟು ಕೊಳೆತು ಹೋಯಿತು. ಉಳಿದದ್ದನ್ನು ಕೆ.ಜಿ.ಗೆ 25ರಂತೆ ಮಾರಿದರು. ಲಾಭ ಶೇಕಡಾ ಎಷ್ಟು?

ಕೊಂಡದ್ದು ಕೆ.ಜಿ.ಗೆ 20, ಮಾರಿದ್ದು 25, ಶೇ 25 ಲಾಭ, ಕೊಳೆತದ್ದು ಶೇ 10 ಕಳೆದರೆ ಶೇ 15 ಎಂದು ತಟ್ಟನೆ ಬರೆಯುವವರೇ ಹೆಚ್ಚು. ಆದರೆ 25ರ ಮೂಲ ರೂಪಾಯಿ, 10ರ ಮೂಲ ಕೆ.ಜಿ. ಒಂದರಿಂದ ಒಂದನ್ನು ಕಳೆಯುವುದು ಹೇಗೆ? ನೇರವಾಗಿ ಮಾಡಿ: ಕೊಳೆತದ್ದು 1.5 ಕೆ.ಜಿ., ಉಳಿದದ್ದು 13.5 ಕೆ.ಜಿ. 13.5 × 25 = 337.50. ಲಾಭ 37.50, ಕೊಂಡ ಬೆಲೆ 300ರ ಮೇಲೆ ಶೇ 12.5. ಪಾಲುಗಳನ್ನು ಗುಣಿಸಿದರೂ ಅಷ್ಟೇ: 1.25 × 0.90 = 1.125.

ಸರಳ ಬಡ್ಡಿಯಲ್ಲಿ ಹೊಸದೇನೂ ಇಲ್ಲ, ಕಾಲವನ್ನು ವರ್ಷಕ್ಕೆ ತಿರುಗಿಸುವುದೊಂದು ಮರೆಯಬೇಡಿ. 12,000 ರೂಪಾಯಿಗೆ ವಾರ್ಷಿಕ ಶೇ 8ರಂತೆ 9 ತಿಂಗಳಿಗೆ 12,000 × 8/100 × 9/12 = 720. 9ರಿಂದಲೇ ಗುಣಿಸಿದರೆ 8,640 ಬಂದು ಬಡ್ಡಿ ಅಸಲಿನ ಹತ್ತಿರಕ್ಕೆ ಹೋಗುತ್ತದೆ.

ಹಂತ 7: ಉತ್ತರವನ್ನು ಪರೀಕ್ಷಿಸಿ

ಅರ್ಧ ನಿಮಿಷದ ಕೆಲಸ, ಬಿಡಬೇಡಿ. ಮೊದಲು ಅಂದಾಜು: 625ರ ಮುಕ್ಕಾಲು ಸುಮಾರು 469, 530 ಅದಕ್ಕಿಂತ ಹೆಚ್ಚು, ಹಾಗಾದರೆ ಉತ್ತರ 75 ಮತ್ತು 100ರ ನಡುವೆ ಇರಬೇಕು. 8.48 ಬಂದಿದ್ದರೆ ದಶಮಾಂಶ ಬಿಂದು ಜರುಗಿದೆ. ಆಮೇಲೆ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಮುಂದಕ್ಕೆ ಮಾಡಿ: 240ಕ್ಕೆ ಶೇ 5 ಸೇರಿಸಿದರೆ 252 ಬಂತೇ?

ಶೇ 100ಕ್ಕಿಂತ ಹೆಚ್ಚು ಬಂದರೆ ಹೆದರಿ ಅಳಿಸಬೇಡಿ. ಪಾಲು ಕೇಳಿದ್ದರೆ (ತರಗತಿಯಲ್ಲಿ ಹುಡುಗಿಯರು ಶೇಕಡಾ ಎಷ್ಟು?) 100 ದಾಟುವಂತಿಲ್ಲ. ಏರಿಕೆ ಅಥವಾ ಲಾಭ ಕೇಳಿದ್ದರೆ ದಾಟಬಹುದು: 20ರ ವಸ್ತು 50 ಆದರೆ ಏರಿಕೆ ಶೇ 150. ಇಳಿಕೆ ಮಾತ್ರ ಬೆಲೆಯ ಲೆಕ್ಕದಲ್ಲಿ ಶೇ 100 ದಾಟದು. ಇನ್ನು 0.5% ಎಂದರೆ ಅರ್ಧವಲ್ಲ, ಇನ್ನೂರರಲ್ಲಿ ಒಂದು. ಶೇಕಡಾ ಚಿಹ್ನೆ ಇದ್ದಾಗ 100ರಿಂದ ಭಾಗಿಸುವುದು ಇನ್ನೂ ಬಾಕಿ ಇದೆ ಎಂದೇ ಅರ್ಥ.

ಅಭ್ಯಾಸಕ್ಕೆ ನಾಲ್ಕು ಲೆಕ್ಕ

ಪ್ರತಿಯೊಂದಕ್ಕೂ ಮೂಲದ ಕೆಳಗೆ ಗೆರೆ ಎಳೆದ ಮೇಲೆಯೇ ಕಾಲಮ್ ಬರೆಯಿರಿ.

1. ಟೋನ್ಡ್ ಹಾಲಿನಲ್ಲಿ ಶೇ 3 ಕೊಬ್ಬಿನ ಅಂಶ ಇದೆ. 500 ಗ್ರಾಂ ಹಾಲಿನಲ್ಲಿ ಕೊಬ್ಬು ಎಷ್ಟು ಗ್ರಾಂ?

2. 24 ಕ್ಯಾರೆಟ್ ಅಪ್ಪಟ ಚಿನ್ನ ಎಂದು ಹಿಡಿದರೆ 22 ಕ್ಯಾರೆಟ್ ಒಡವೆಯಲ್ಲಿ ಚಿನ್ನ ಶೇಕಡಾ ಎಷ್ಟು?

3. ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದ್ದಕ್ಕೆ ಶೇ 5 ರಿಯಾಯಿತಿ ಸಿಕ್ಕಿ 7,600 ರೂಪಾಯಿ ಆಯಿತು. ರಿಯಾಯಿತಿ ಇಲ್ಲದಿದ್ದರೆ ಎಷ್ಟಾಗುತ್ತಿತ್ತು?

4. ಮೆಟ್ರೊ ಸ್ಮಾರ್ಟ್ ಕಾರ್ಡಿನಲ್ಲಿ ಶೇ 5 ರಿಯಾಯಿತಿ ಹೋಗಿ 57 ರೂಪಾಯಿ ಕಡಿತವಾಯಿತು. ಟಿಕೆಟ್ ದರ ಎಷ್ಟು?

ಉತ್ತರಗಳು: (1) 15 ಗ್ರಾಂ. (2) 91⅔%, ಒಡವೆಯ ಮೇಲೆ 916 ಎಂಬ ಗುರುತು ಬರುವುದು ಇದರಿಂದಲೇ, ಅಲ್ಲಿ ಸಾವಿರಕ್ಕೆ ಲೆಕ್ಕ. (3) 7,600 × 100 ÷ 95 = 8,000 ರೂಪಾಯಿ; 7,980 ಬಂದಿದ್ದರೆ ಹಂತ 5ಕ್ಕೆ ಹಿಂದಿರುಗಿ. (4) 60 ರೂಪಾಯಿ, 59.85 ಬಂದಿದ್ದರೆ ಆಗಿರುವುದು ಅದೇ ತಪ್ಪು, 57ನ್ನು 100 ಎಂದು ಹಿಡಿದಿದ್ದೀರಿ.